ಬಾಲವಿದ್ದ ಚರೆ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವ ಅವಳನ್ನು ಬೀದಿಯವರೆಲ್ಲ ಫೋಟೋ ಅಕ್ಕ ಎಂದು ಕರೆಯುತ್ತಿದ್ದರು. ಮುಖದ ಫೋಟೋ ಯಾರು ಬೇಕಾದರೂ ತೆಗೆಯುತ್ತಾರೆ, ಮೂಳೆಯ ಫೋಟೋ ತೆಗೆಯುವವಳು ನಮ್ಮಕ್ಕ ಒಬ್ಬಳೇ ಎಂದು ಎದುರುಮನೆಯ ಎಲೆಕ್ಟ್ರಿಷಿಯನ್ ಇಟ್ಟ ಹೆಸರು ಅದು. ಅವಳಿಗೆ ಆ ಕೋಣೆ ಹಿಡಿಸಿದ್ದೇ ಅಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ ಎಂಬ ಕಾರಣಕ್ಕೆ. ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ. ಇಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಉಳಿದದ್ದನ್ನು ಚಿತ್ರ ಹೇಳುತ್ತಿತ್ತು.

ಅವತ್ತು ಬೆಳಿಗ್ಗೆ ಔಷಧಿ ಅಂಗಡಿಯ ಅಮ್ಮನನ್ನು ಗಾಲಿಮಂಚದ ಮೇಲೆ ತಂದರು. ಆಗಷ್ಟೇ ಬಾಗಿಲು ತೆಗೆದು ಒಬ್ಬಳೇ ಕೂತಿದ್ದಳಂತೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡವನೊಬ್ಬ ಗೋಣಿಚೀಲದಿಂದ ಕೋವಿ ತೆಗೆದು, ಗಲ್ಲಾ ಖಾಲಿ ಮಾಡು ಎಂದನಂತೆ. ಬಲಗೈ ಒಂದು ಕಡೆ ಜೋತು ಬಿದ್ದಿದ್ದರೂ ಆಕೆಯ ಬಾಯಿ ನಿಂತಿರಲಿಲ್ಲ.

'ಯಾರೋ ತಮಾಷೆ ಮಾಡ್ತಿದಾರೆ ಅನ್ಕೊಂಡೆ ಕಣಮ್ಮ. ಬೆಳಿಗ್ಗೆ ಬೆಳಿಗ್ಗೆ ಚಿಲ್ಲರೆ ಇಲ್ಲಪ್ಪ ಅಂದೆ. ಅಷ್ಟೇ ನಾನಂದಿದ್ದು.'

'ಮಾತಾಡಬೇಡಿ ಅಮ್ಮ. ಉಸಿರು ಹಿಡ್ಕೊಳ್ಳಿ.'

ಪರದೆಯ ಮೇಲೆ ಚಿತ್ರ ಮೂಡಿತು. ಭುಜದ ಮೂಳೆಯಿಂದ ಕತ್ತಿನ ಬುಡದವರೆಗೆ ಬಿಳಿ ಚುಕ್ಕೆಗಳು ಚೆಲ್ಲಿದ್ದವು. ಕೋವಿಯ ತೋಟಾದೊಳಗೆ ತುಂಬುವ ಸೀಸದ ಕಾಳುಗಳು, ಚರೆ. ಡಾಕ್ಟರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.

'ಇದೇನ್ರೀ ಇದು, ಕಪ್ಪೆ ಗೊದಮೊಟ್ಟೆ ಮರಿ ಹಾಕಿದ ಹಾಗಿದೆ! ಒಂದೊಂದಕ್ಕೂ ಬಾಲ!'

ಆ ಬಾಲಗಳನ್ನು ಅವಳು ಚಿಕ್ಕಂದಿನಿಂದ ಬಲ್ಲಳು. ಅಪ್ಪ ಹಿತ್ತಲಲ್ಲಿ ಹಳೆಯ ಬ್ಯಾಟರಿಯ ಸೀಸ ಕರಗಿಸಿ, ತೂತು ಕೊರೆದ ಡಬ್ಬಿಯಿಂದ ಬಕೆಟ್ಟಿನ ನೀರಿಗೆ ಹನಿಸುತ್ತಿದ್ದರು. ನೀರು ಬಿಸಿಯಿದ್ದರೆ ಹನಿ ದುಂಡಗಾಗುತ್ತದೆ. ಅಪ್ಪನಿಗೆ ನೀರು ಕಾಯಿಸುವ ತಾಳ್ಮೆಯಿಲ್ಲ. ತಣ್ಣೀರಿಗೆ ಬಿದ್ದ ಹನಿ ಗಾಬರಿಯಾದಂತೆ ಸೆಟೆದುಕೊಂಡು, ಹಿಂದೆ ಒಂದು ಬಾಲ ಉಳಿಸಿಕೊಳ್ಳುತ್ತಿತ್ತು. ಮುದುಕನ ಚರೆ ಹಂದಿಗೆ ತಾಗಲಿ ಬಿಡಲಿ, ಬಾಲ ಅಲ್ಲಾಡಿಸಿಕೊಂಡು ಹೋಗುತ್ತದೆ ಎಂದು ಬೀದಿಯವರು ನಗುತ್ತಿದ್ದರು. ಅಂಥ ಚರೆ ಹಾಕುವವರು ಬೇರೆ ಯಾರೂ ಇರಲಿಲ್ಲ.

'ಜೀವಕ್ಕೇನೂ ಭಯವಿಲ್ಲ' ಎಂದರು ಡಾಕ್ಟರು. 'ಕೈ ಮೇಲೆ ಏಳತ್ತೋ ಇಲ್ವೋ, ಅದು ನೋಡಬೇಕು.'

ಮಧ್ಯಾಹ್ನ ಅವಳು ರಜೆ ಹಾಕಿ ಮನೆಗೆ ನಡೆದಳು.

ಬೀದಿಯ ಹಿಂದೆ ಕಾಯಿಪಲ್ಲೆಯ ಪಾತಿಗಳು, ಅದರಾಚೆ ಕುರುಚಲು ಕಾಡು. ಕಾಡುಹಂದಿ ನುಗ್ಗಿದರೆ ಓಡಿಸಲು ಇಡೀ ಬೀದಿಗಿದ್ದದ್ದು ಅಪ್ಪನ ಒಂಟಿ ನಳಿಕೆಯ ಕೋವಿ ಒಂದೇ. ಅದು ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಮೊಳೆಗೆ ನೇತಾಡುತ್ತಿತ್ತು, ಜೊತೆಗೆ ತೋಟಾದ ಚೀಲ. ಬೇಕಾದವರು ಒಳಗೆ ಬಂದು ಕೋವಿ ತೆಗೆದುಕೊಂಡು, ಅದೇ ಮೊಳೆಗೆ ತಮ್ಮ ಮನೆಯ ಬೀಗದ ಕೀ ನೇತುಹಾಕಿ ಹೋಗುತ್ತಿದ್ದರು. ವಾಪಸ್ ತಂದಾಗ ಕೀ ತೆಗೆದುಕೊಳ್ಳುತ್ತಿದ್ದರು. ಯಾರು ಎಂದು ಅಪ್ಪ ಕೇಳುತ್ತಿರಲಿಲ್ಲ. ಕೇಳದಿರುವುದೇ ಅವರ ದೊಡ್ಡಸ್ತಿಕೆಯಾಗಿತ್ತು. ಈ ಸೀಮೆಗೆ ಹಿಂದಿನಿಂದ ಇದ್ದ ವಿನಾಯಿತಿಯಿಂದಾಗಿ ಇಂಥ ಹಳೆಯ ಕೋವಿಗೆ ಇದುವರೆಗೆ ಯಾವ ಕಾಗದಪತ್ರವೂ ಬೇಕಿರಲಿಲ್ಲ. ಈಗ ಹೊಸ ಕಾಯಿದೆಯ ಮಾತು ಎದ್ದಿತ್ತು: ಪ್ರತಿ ಕೋವಿಗೂ ಒಂದು ನಂಬರು, ಪ್ರತಿ ನಂಬರಿಗೂ ಒಬ್ಬ ಒಡೆಯ. ಜನರ ಅಭಿಪ್ರಾಯ ಕೇಳಲು ಸರ್ಕಾರದ ಸಮಿತಿಯೊಂದು ಅವತ್ತೇ ಸಂಜೆ ಶಾಲೆಯ ಸಭಾಂಗಣಕ್ಕೆ ಬರುವುದಿತ್ತು.

ಅಪ್ಪ ಬಡಗಿ. ಹೊರಕೋಣೆಯಲ್ಲಿ ಸ್ಟೂಲಿನ ಕಾಲಿಗೆ ಉಜ್ಜುಗೊರಡು ಹಾಕುತ್ತಿದ್ದರು. ಕೋವಿ ಮೊಳೆಯ ಮೇಲಿತ್ತು. ಅವಳು ನಳಿಕೆಗೆ ಮೂಗು ಹಿಡಿದಳು. ಸುಟ್ಟ ಮದ್ದಿನ ವಾಸನೆ ಇನ್ನೂ ಹೋಗಿರಲಿಲ್ಲ.

'ಬೆಳಿಗ್ಗೆ ಇದನ್ನ ಯಾರು ತಗೊಂಡು ಹೋಗಿದ್ರು ಅಪ್ಪ?'

'ನಾನು ಮರದ ಡಿಪೋಗೆ ಹೋಗಿದ್ದೆ.'

'ಬಂದಾಗ?'

'ಬಂದಾಗ ಇರಲಿಲ್ಲ. ಹಿತ್ತಲಿಗೆ ಹೋಗಿ ಬರೋಷ್ಟರಲ್ಲಿ ಇತ್ತು. ಏಣಿ ಯಾರು ಒಯ್ದರು, ಸುತ್ತಿಗೆ ಯಾರು ಒಯ್ದರು ಅಂತ ನಾನು ಪಹರೆ ಕೂತ್ಕೊಳ್ತೀನಾ? ಹೋಗತ್ತೆ, ಬರತ್ತೆ.'

'ಔಷಧಿ ಅಂಗಡಿ ಅಮ್ಮನ ಭುಜದ ತುಂಬ ನಿನ್ನ ಚರೆ ಇದೆ.'

ಉಜ್ಜುಗೊರಡು ನಿಂತಿತು. ಅದರ ಬಾಯಲ್ಲಿ ಮರದ ಸಿಪ್ಪೆಯೊಂದು ಅರ್ಧ ಸುರುಳಿಯಾಗಿ ಉಳಿಯಿತು.

'ಚರೆ ಯಾರದ್ದಾದ್ರೂ ಇರಬಹುದು.'

'ಬಾಲ ಇದೆ ಅಪ್ಪ.'

ಅವರು ಸಿಪ್ಪೆಯನ್ನು ಮೆಲ್ಲಗೆ ಬಿಡಿಸಿ ತೆಗೆದರು. ನಂತರವೂ ಕೈಯಲ್ಲೇ ಹಿಡಿದುಕೊಂಡಿದ್ದರು.

'ಮೊಳೆ ಮೇಲೆ ಯಾರ ಕೀ ಇತ್ತು?'

'ನೋಡಲಿಲ್ಲ.'

'ಈ ಬೀದಿ ಬಾಗಿಲುಗಳಿಗೆಲ್ಲ ಬೀಗ ಕೂರಿಸಿದವನು ನೀನು. ಕೀ ಶಬ್ದ ಕೇಳಿದ್ರೆ ಸಾಕು, ಯಾರ ಮನೇದು ಅಂತ ಹೇಳ್ತೀಯ.'

ಆ ಹೊತ್ತಿಗೆ ಎದುರುಮನೆಯ ಎಲೆಕ್ಟ್ರಿಷಿಯನ್ ಬಿರುಗಾಳಿಯಂತೆ ಒಳಗೆ ಬಂದ. ಧ್ವನಿವರ್ಧಕ ಕಟ್ಟುವುದೂ ಅವನೇ, ಪರೀಕ್ಷಿಸುವ ನೆಪದಲ್ಲಿ ಭಾಷಣ ಮಾಡುವುದೂ ಅವನೇ. ಹಾಗಾಗಿ ಎಲ್ಲರಿಗೂ ಮೈಕಣ್ಣ.

'ಏನ್ ದೊಡ್ಡಪ್ಪ, ಇನ್ನೂ ಬನಿಯನ್ನಲ್ಲೇ ಇದೀಯ! ನಾಲ್ಕಕ್ಕೆ ಸಭೆ. ನಿನ್ನ ಭಾಷಣ ಬರೆದಾಯ್ತು. ಕಣ್ಣಲ್ಲಿ ನೀರು ಬರಬೇಕು, ಹಾಗಿದೆ.' ಜೇಬಿನಿಂದ ಕಾಗದ ತೆಗೆಯುವಾಗ ಅಡ್ಡ ಬಂದ ಕೀಯನ್ನು ಅವನು ಮೇಜಿನ ಮೇಲೆ ಎಸೆದ. 'ಬೆಳಿಗ್ಗೆಯಿಂದ ಸಭಾಂಗಣದಲ್ಲಿ ವೈರು ಎಳೆದು ಸೊಂಟ ಬಿದ್ದೋಯ್ತು. ಮನೆಗೆ ಬಂದ್ರೆ ನನ್ನ ಭಾವಮೈದ ಮಹಾರಾಯ ಇಲ್ಲ! ಎರಡು ತಿಂಗಳು ನಮ್ಮನೇಲಿ ಬಿದ್ದುಕೊಂಡಿದ್ದವನು ಕೀ ಬಾಗಿಲ ಕೆಳಗೆ ತೂರಿಸಿ, ಕೆಲಸ ಸಿಕ್ತು ಅಂತ ನನ್ನ ಹೆಂಡತಿಗೆ ಫೋನ್ ಮಾಡಿ ಬಸ್ ಹತ್ತಿದಾನೆ.'

ಕೀಯ ತಲೆಗೆ ಕೆಂಪು ವೈರು ಸುತ್ತಿತ್ತು. ಅಪ್ಪ ಅದನ್ನು ನೋಡಿದರು. ನೋಡಿ, ಗೋಡೆಯ ಮೊಳೆಯ ಕಡೆ ನೋಡಿದರು. ಆಮೇಲೆ ಎಲ್ಲೂ ನೋಡಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು.

ಮೈಕಣ್ಣ ಓದತೊಡಗಿದ್ದ. 'ಒಂದೇ ಕೋವಿ, ಇಡೀ ಬೀದಿ! ಇಷ್ಟು ವರ್ಷಗಳಲ್ಲಿ ಒಂದು ಹನಿ ರಕ್ತ ಬಿದ್ದಿಲ್ಲ! ನಂಬಿಕೆಗೆ ನಂಬರ್ ಯಾಕೆ? ಹೇಗಿದೆ ಅಕ್ಕ?'

'ಕಾಯಿದೆ ಬಂದ್ರೆ ಕೋವಿಗೆ ಯಾರ ಹೆಸರು ಹಾಕ್ತೀರ ಅಣ್ಣ? ನಿಮ್ಮದು ಹಾಕ್ತೀರಾ?'

'ನಂದ್ಯಾಕೆ? ಅದು ಇಡೀ ಬೀದಿದು.'

'ಬೀದಿಗೆ ಹೆಬ್ಬೆಟ್ಟು ಇಲ್ವಲ್ಲ, ಒತ್ತೋದಕ್ಕೆ.'

'ನೋಡಿದ್ಯಾ ದೊಡ್ಡಪ್ಪ, ಸಭೆಗೆ ಮುಂಚೆ ಮನೇಲೇ ವಿರೋಧ ಪಕ್ಷ!' ಎಂದು ನಗುತ್ತ ಅವನು ಕೀ ಎತ್ತಿಕೊಂಡು ಹೋದ.

ಅಪ್ಪ ನೆಲದ ಸಿಪ್ಪೆ ಗುಡಿಸತೊಡಗಿದರು. ಈ ಮನೆಯಲ್ಲಿ ಮೌನ ಅವಳಿಗೆ ಹೊಸದಲ್ಲ. ಅಮ್ಮ ಹೋದ ಮೇಲೆ ಅಪ್ಪ ಮಗಳು ಅದರಲ್ಲೇ ಬದುಕು ಕಟ್ಟಿಕೊಂಡಿದ್ದರು. ಆದರೆ ಇದು ಬೇರೆ ಬಗೆಯದು. ಇದರೊಳಗೆ ಒಬ್ಬಳು ಹೆಂಗಸು ಕೈ ಎತ್ತಲಾರದೆ ಮಲಗಿದ್ದಳು.

'ನಿಮ್ಮಮ್ಮನನ್ನ ಆಸ್ಪತ್ರೆಗೆ ಹೊತ್ಕೊಂಡು ಓಡಿದವನು ಅವನು' ಎಂದರು ಅಪ್ಪ. 'ಅವನ ಮನೆ ಮೇಲೆ ಕಲ್ಲು ಹಾಕು ಅಂತೀಯಾ?'

'ಮೈಕಣ್ಣ ಏನೂ ಮಾಡಿಲ್ಲ. ಅದನ್ನೂ ಹೇಳು. ಆದರೆ ಹೇಳು.'

'ಸಭೆ ಒಂದು ಮುಗೀಲಿ. ಆಮೇಲೆ ಸ್ಟೇಷನ್ನಿಗೆ ಹೋಗೋಣ, ಸದ್ದಿಲ್ಲದೆ.'

'ಒಂದು ಹನಿ ರಕ್ತ ಬಿದ್ದಿಲ್ಲ ಅಂತ ಸಭೆಯಲ್ಲಿ ಓದಿ, ಆಮೇಲೆ ಸದ್ದಿಲ್ಲದೆ ಹೋಗೋದಾ? ಇನ್ಸ್‌ಪೆಕ್ಟರ್ ಅಲ್ಲೇ ಇರ್ತಾರೆ. ನೀನು ಹೇಳ್ತೀಯ, ಇಲ್ಲ ನಾನು ಹೇಳ್ತೀನಿ. ನೀನು ಹೇಳಿದ್ರೆ ಒಳ್ಳೇದು ಅಪ್ಪ. ಕೋವಿ ನಿಂದು.'

'ನಿಂದು' ಎಂಬ ಮಾತನ್ನು ಮೊದಲ ಸಲ ಕೇಳಿದವರಂತೆ ಅವರು ಅವಳನ್ನು ನೋಡಿದರು.

ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಸಮಿತಿಯ ಮೂವರು, ಪಕ್ಕದ ಕುರ್ಚಿಯಲ್ಲಿ ಇನ್ಸ್‌ಪೆಕ್ಟರ್. ನಿವೃತ್ತ ಮೇಷ್ಟ್ರೊಬ್ಬರು ಎದ್ದು, 'ಕಳ್ಳ ಬಂದು ಕ್ಯೂ ನಿಂತು ಹೆಸರು ಬರೆಸ್ತಾನೇನ್ರೀ? ಬರೆಸೋದು ಮರ್ಯಾದಸ್ಥರು. ಇವತ್ತು ಹೆಸರು ಕೇಳ್ತೀರ, ನಾಳೆ ಕೋವಿನೇ ಕೇಳ್ತೀರ' ಎಂದರು. ಚಪ್ಪಾಳೆ ಬಿತ್ತು. ಶಾಲೆಯ ಆಯಾ ಒಬ್ಬಳು ಕೂತಲ್ಲಿಂದಲೇ, 'ನನ್ನ ಸ್ಕೂಟರಿಗೆ ಇರೋ ನಂಬರು ಕೋವಿಗೆ ಇಲ್ವಲ್ಲ!' ಎಂದಳು. ಅದಕ್ಕೂ ಚಪ್ಪಾಳೆ ಬಿತ್ತು. ಮೇಷ್ಟ್ರು ಹೇಳಿದ್ದರಲ್ಲಿ ಸುಳ್ಳಿಲ್ಲ ಎಂದು ಅವಳಿಗೂ ಅನ್ನಿಸಿತು. ಭಾವಮೈದ ಕ್ಯೂ ನಿಲ್ಲುತ್ತಿರಲಿಲ್ಲ. ಆದರೆ ಅವನು ಕೋವಿ ತಂದದ್ದು ಕಳ್ಳರ ಸಂತೆಯಿಂದಲ್ಲ, ಮರ್ಯಾದಸ್ಥರ ಗೋಡೆಯಿಂದ.

ಆಮೇಲೆ ಔಷಧಿ ಅಂಗಡಿಯ ಯಜಮಾನ ಎದ್ದ. ಅಂಗಿಯ ತೋಳಿನ ಮೇಲೆ ಕಲೆ ಹಾಗೇ ಇತ್ತು. ಮೈಕಿನ ಮುಂದೆ ನಿಂತವನು ತಡವರಿಸಿದ.

'ನಂಗೆ ಕಾಯಿದೆ ಗೊತ್ತಿಲ್ಲ. ಯಾರ ಕೋವಿ ಅಂತ ಪೊಲೀಸಿನವರು ನನ್ನೇ ಕೇಳಿದ್ರು. ನಾನೇನು ಹೇಳಲಿ? ಯಾರದ್ದೂ ಅಲ್ಲದ ಕೋವಿ ನನ್ನ ಹೆಂಡತಿಗೆ ಹೊಡೀತಾ?'

ಚಪ್ಪಾಳೆ ಬೀಳಲಿಲ್ಲ. ಮೈಕಣ್ಣ ಓಡಿಹೋಗಿ ಮೈಕು ಹಿಡಿದುಕೊಂಡ.

'ದುಃಖದ ವಿಷಯ. ಇದೇ ಮಾತಿಗೆ, ನಮ್ಮ ಬೀದಿಯ ಹಿರಿಯರು ಎರಡು ಮಾತಾಡ್ತಾರೆ. ಬಾ ದೊಡ್ಡಪ್ಪ.'

ಅಪ್ಪ ಎದ್ದರು. ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಭಾಷಣದ ಕಾಗದ ಇಣುಕುತ್ತಿತ್ತು. ಅವರು ಅದನ್ನು ತೆಗೆದು ಬಿಡಿಸಿ, ಕಣ್ಣಿಗೆ ಹತ್ತಿರ ಹಿಡಿದರು.

'ಒಂದೇ ಕೋವಿ, ಇಡೀ ಬೀದಿ. ಇಷ್ಟು ವರ್ಷಗಳಲ್ಲಿ...'

ಅಲ್ಲಿಗೆ ನಿಂತರು. ಮೈಕು ಅವರ ಉಸಿರನ್ನು ಮಾತ್ರ ಸಭಾಂಗಣದ ಮೂಲೆ ಮೂಲೆಗೆ ಮುಟ್ಟಿಸುತ್ತಿತ್ತು. ಅವಳು ಕುರ್ಚಿಯಿಂದ ಎದ್ದು ನಿಂತಳು. ಎಲ್ಲರೂ ಕೂತಿದ್ದ ಸಾಲಿನಲ್ಲಿ ಒಬ್ಬಳೇ ನಿಂತು ಅಪ್ಪನನ್ನು ನೋಡುತ್ತಿದ್ದಳು. ಹಿಂದಿನವನೊಬ್ಬ, 'ಕೂತ್ಕೊಳ್ಳಮ್ಮ, ಕಾಣಲ್ಲ' ಎಂದ. ಅವಳು ಕೂರಲಿಲ್ಲ.

ಅಪ್ಪ ಕಾಗದ ಮಡಿಸಿದರು.

'ಇದು ನನ್ನ ಮಾತಲ್ಲ' ಎಂದರು. 'ಬೆಳಿಗ್ಗೆ ಆ ತಾಯಿಗೆ ಹೊಡೆದ ಕೋವಿ ನಂದು. ಚರೆ ನಾನು ಮಾಡಿದ್ದು. ನಾನು ಹೊಡೀಲಿಲ್ಲ, ಆದರೆ ನಮ್ಮನೆ ಗೋಡೆಯಿಂದ ಹೋಯ್ತು. ಯಾರು ಒಯ್ತೀರ ಅಂತ ಕೇಳೋದು ಸಣ್ಣತನ ಅನ್ಕೊಂಡಿದ್ದೆ. ಕೇಳಿದ್ದಿದ್ರೆ ಅವಳ ಕೈ ನೆಟ್ಟಗಿರ್ತಿತ್ತು. ಅದಕ್ಕೆ ನಂಬರ್ ಹಾಕಿ. ನನ್ನ ಹೆಸರು ಹಾಕಿ.'

ಸಭೆಯಲ್ಲಿ ಗದ್ದಲವೆದ್ದಿತು. 'ಮುದುಕನಿಗೆ ಅರಳುಮರಳು' ಎಂದರು ಯಾರೋ. ಅಂಗಡಿಯ ಯಜಮಾನ ಎದ್ದು ನಿಂತಿದ್ದ, ಮುಷ್ಟಿ ಬಿಗಿದಿತ್ತು, ಆದರೆ ಮುಂದೆ ಹೆಜ್ಜೆ ಇಡಲಿಲ್ಲ. ಅವಳು ನುಗ್ಗಿ ಹೋಗಿ ಅಪ್ಪನ ತೋಳು ಹಿಡಿದಳು. ಇನ್ಸ್‌ಪೆಕ್ಟರ್ ಇಬ್ಬರನ್ನೂ ವೇದಿಕೆಯ ಹಿಂದಿನ ಕೋಣೆಗೆ ಕರೆದೊಯ್ದ. ಬಾಗಿಲಲ್ಲಿ ಮೈಕಣ್ಣ ಅಡ್ಡ ನಿಂತ. ಮುಖ ಕೆಂಪೇರಿತ್ತು.

'ಬೀದಿ ಮಾನ ಹರಾಜು ಹಾಕಿದ್ಯಲ್ಲ ದೊಡ್ಡಪ್ಪ! ಯಾರೋ ಕದ್ದೊಯ್ದಿದ್ರೆ ನೀನ್ಯಾಕೆ ಮೈಮೇಲೆ ಎಳ್ಕೊಳ್ತೀಯ?'

'ಕದ್ದಿದ್ದಲ್ಲ ಕಣೋ. ಕೀ ಇಟ್ಟು ಹೋಗಿದ್ದ.'

'ಯಾರ ಕೀ?'

ಅಪ್ಪ ಅವಳ ಕಡೆ ತಿರುಗಿದರು. ಇದನ್ನು ತಾನು ಹೇಳಿಬಿಟ್ಟರೆ ಅಪ್ಪನದು ಅರ್ಧ ಮಾತಾಗಿ ಉಳಿಯುತ್ತದೆ ಎಂದು ಅವಳು ತೋಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

'ಕೆಂಪು ವೈರು ಸುತ್ತಿತ್ತು' ಎಂದರು ಅಪ್ಪ.

ಮೈಕಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು. ಅಲ್ಲೇ ಉಳಿಯಿತು. ಮಾತಿಲ್ಲದ ಮೈಕಣ್ಣನನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಕೋಣೆಯಲ್ಲಿ ಮುರಿದ ಬೆಂಚುಗಳ ನಡುವೆ ಒಂದು ಮೇಜು. ಪೇದೆಯೊಬ್ಬ ಪೆನ್ನಿನ ಮುಚ್ಚಳ ತೆಗೆದು, 'ಕೋವಿ ಯಾರದು? ಹೆಸರು ಹೇಳಿ' ಎಂದ. ಅಪ್ಪ ಹೇಳಿದರು. ಇನಿಷಿಯಲ್ ಸಮೇತ, ತಂದೆಯ ಹೆಸರು ಸಮೇತ, ಹಾಜರಿ ಕೂಗುವಾಗ ಹುಡುಗರು ಹೇಳುವಷ್ಟು ಜೋರಾಗಿ.

'ಒಯ್ದವರು?'

ಅಪ್ಪ ಉಸಿರು ಎಳೆದುಕೊಂಡರು, ಹಿಡಿದುಕೊಂಡರು. ಬಿಡುವ ಮುಂಚೆಯೇ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ಮೈಕಣ್ಣ ಬಂದು, ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟ. ಈ ಸಲ ಎಸೆಯಲಿಲ್ಲ.

'ದೊಡ್ಡಪ್ಪ ಸುಮ್ನಿರಲಿ. ಬರ್ಕೊಳ್ಳಿ, ನಾನು ಹೇಳ್ತೀನಿ' ಎಂದ. ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಪೇದೆ ಎರಡು ಸಲ ಕೇಳಬೇಕಾಯಿತು. 'ನನ್ನ ಹೆಂಡತಿ ತಮ್ಮ. ಹತ್ತಿದ ಬಸ್ಸು ಯಾವುದು ಅಂತಾನೂ ಗೊತ್ತು.'