ಟಿವಿ ಜೋರಾಗಿತ್ತು

ಸತ್ತ ಮಗನನ್ನು ಇನ್ನೊಂದು ಸಲ ಕೊಯ್ಯಬೇಕೋ ಬೇಡವೋ ಎಂದು ಟಿವಿಯೊಳಗೆ ನಾಲ್ಕು ಜನ ಕೂತು ಜಗಳವಾಡುತ್ತಿದ್ದರು. ಹೆತ್ತ ಅಮ್ಮ ಮಗಳ ಮನೆಯ ಗೋಡೆಗೆ ಒರಗಿಕೊಂಡು ಅದನ್ನು ನೋಡುತ್ತಿದ್ದಳು. ಶತ್ರುವಿಗೂ ಬೇಡ ಅಂಥ ಗಳಿಗೆ. ಆರಿಸೋಣವೆಂದರೆ ಅಮ್ಮ ಬಿಡುತ್ತಿರಲಿಲ್ಲ. ಆಗಾಗ ಪರದೆಯ ಮೂಲೆಯಲ್ಲಿ ಮಗನ ಫೋಟೊ ಬರುತ್ತಿತ್ತಲ್ಲ, ಅದಕ್ಕೆ.

ಟಿವಿಯ ಪಕ್ಕದಲ್ಲಿ ಆ ಮಗಳ, ಸತ್ತವನ ಅಕ್ಕನ, ಹೊಲಿಗೆ ಮೆಷಿನ್ನು. ಅರ್ಧ ಹೊಲಿದ ಸ್ಕೂಲ್ ಯೂನಿಫಾರ್ಮುಗಳ ಮೇಲೆ ವಕೀಲೆ ಬೆಳಿಗ್ಗೆ ಇಟ್ಟುಹೋದ ಅರ್ಜಿ ಬಿದ್ದಿತ್ತು. ಎರಡನೇ ಪೋಸ್ಟ್‌ಮಾರ್ಟಮ್ ಬೇಕೆಂದು ಅಮ್ಮ ಸಹಿ ಹಾಕಿದರೆ ಅದು ಮಧ್ಯಾಹ್ನ ಕೋರ್ಟಿಗೆ ಹೋಗುತ್ತದೆ. ಹಾಕದಿದ್ದರೆ ಹೆಣ ಮನೆಗೆ ಬರುತ್ತದೆ, ಸಂಜೆಯೊಳಗೆ ಎಲ್ಲ ಮುಗಿಯುತ್ತದೆ, ಕೊಲೆ ಕೇಸು ಅನ್ನುವುದೂ ಅದರ ಜೊತೆಗೇ ಮುಗಿಯುತ್ತದೆ. ವಕೀಲೆ ಸುತ್ತಿಬಳಸದೆ ಹೇಳಿಹೋಗಿದ್ದಳು: "ಮೈ ಇರೋವರೆಗೆ ಕೇಸು, ಅಮ್ಮಾ. ಆಮೇಲೆ ಬರೀ ಮಾತು."

"ಒಂದು ಸಲ ಕೊಯ್ದಿದ್ದು ಸಾಲದಾ? ನಾನು ಎಣ್ಣೆ ಹಚ್ಚಿ ತಿಕ್ಕಿ ಬೆಳೆಸಿದ ಮೈ ಕಣೇ ಅದು. ನಾನು ಹಾಕಲ್ಲ," ಅಂದುಬಿಟ್ಟಿದ್ದಳು ಅಮ್ಮ.

"ಅತ್ತೆ ಹೇಳೋದೇ ಸರಿ," ಎಂದ ಭಾವ. ಅಕ್ಕನ ಗಂಡ, ಕೆಲಸದಲ್ಲಿ ಪೊಲೀಸ್ ಪೇದೆ. ತಮ್ಮ ಸತ್ತದ್ದು ಅವನ ಸ್ಟೇಷನ್ನಿನಲ್ಲೇ. ರಜೆ ಹಾಕಿ, ಬನಿಯನ್ನಿನಲ್ಲಿ ಕುರ್ಚಿಯ ಮೇಲೆ ಮುದುಡಿಕೊಂಡು ಕೂತಿದ್ದ. ಬೆಳಿಗ್ಗೆಯಿಂದ ಬಾಯಿಗೆ ಒಂದು ಹನಿ ನೀರು ಬಿಟ್ಟಿರಲಿಲ್ಲ.

ತಮ್ಮನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಎಕ್ಸ್‌ಪ್ರೆಸ್ ಎಂದು. ಅಷ್ಟು ನಿಧಾನ ಆಸಾಮಿ! ಫ್ಯಾನು, ಮಿಕ್ಸಿ, ಮೋಟರು ರಿಪೇರಿ ಮಾಡುತ್ತಿದ್ದ. ಕೆಲಸ ಬಲು ಅಚ್ಚುಕಟ್ಟು, ಆದರೆ ಬೇಸಿಗೆಗೆ ಕೊಟ್ಟ ಫ್ಯಾನು ಚಳಿಗಾಲಕ್ಕೆ ವಾಪಸ್ಸು. ಯಾರೋ ಕದ್ದ ಪಂಪಿನ ಮೋಟರೊಂದು ಕಾಯಿಲ್ ಸುತ್ತಲು ಅವನ ಅಂಗಡಿಗೆ ಬಂದಿತ್ತು. ವಿಚಾರಣೆಗೆ ಬಾ ಎಂದು ಸ್ಟೇಷನ್ನಿನಿಂದ ಫೋನ್ ಬಂದದ್ದೇ ತಡ, ಪುಕ್ಕಲ, ಸೀದಾ ಅಕ್ಕನ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತ.

ಕಳಿಸಿದವಳು ಅಕ್ಕನೇ. ಬೇರೆ ಮನೆಯವರಾಗಿದ್ದರೆ ವಕೀಲರನ್ನು ಹುಡುಕುತ್ತಿದ್ದರು, ಪರಿಚಯದವರನ್ನು ಜೊತೆ ಮಾಡುತ್ತಿದ್ದರು. ಪೊಲೀಸನ ಹೆಂಡತಿಗೆ ಅದೆಲ್ಲ ಯಾಕೆ? "ಬೇರೆಯವರಿಗೆ ಅದು ಮಾವನ ಮನೆ ಕಣೋ, ನಿನಗೆ ಭಾವನ ಮನೆ. ಎದ್ದು ಹೋಗು," ಎಂದು ತಲೆಗೆ ಮೊಟಕಿ ಕಳಿಸಿದ್ದಳು. ಗಂಡನಿಗೆ ಫೋನ್ ಮಾಡಿಯೂ ಹೇಳಿದ್ದಳು. "ಬರ್ಲಿ ಬಿಡು, ನಾನು ಇಲ್ಲೇ ಇರ್ತೀನಿ," ಎಂದಿದ್ದ ಅವನು.

ಮರುದಿನ ಬೆಳಿಗ್ಗೆ ಬಂದ ಸುದ್ದಿ: ತಪ್ಪಿಸಿಕೊಂಡು ಓಡುವಾಗ ಮೆಟ್ಟಿಲಿನಿಂದ ಬಿದ್ದ, ತಲೆಗೆ ಪೆಟ್ಟು. ಮನೆಯವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪೋಸ್ಟ್‌ಮಾರ್ಟಮ್ಮೂ ಮುಗಿದುಹೋಗಿತ್ತು. ಅಷ್ಟು ಅವಸರ ಯಾರಿಗಿತ್ತೋ!

"ಬೆನ್ನು, ಅಂಗಾಲು ಬಿಡಿಸಿ ನೋಡಿಯೇ ಇಲ್ಲ," ಎನ್ನುತ್ತಿದ್ದಳು ಟಿವಿಯೊಳಗಿನ ಡಾಕ್ಟರು. "ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿದ್ರೆ ಮೇಲಿಂದ ಕಾಣಲ್ಲ. ನೋಡದೆ ಬಿದ್ದು ಸತ್ತ ಅಂತ ಹೇಗೆ ಬರೀತೀರಿ?"

ಪಕ್ಕದಲ್ಲಿದ್ದ ನಿವೃತ್ತ ಅಧಿಕಾರಿ ಮೀಸೆ ಸವರಿಕೊಂಡ. "ಮೇಡಂ, ಅವನ ಅಡ್ಡಹೆಸರೇ ಎಕ್ಸ್‌ಪ್ರೆಸ್. ಓಡೋದ್ರಲ್ಲಿ ಎತ್ತಿದ ಕೈ ಅಂತ ಅದರಲ್ಲೇ ಗೊತ್ತಾಗಲ್ವಾ? ಇದಕ್ಕೆಲ್ಲ ಕೊಲೆ ಕೇಸ್ ಹಾಕ್ತಾ ಹೋದ್ರೆ ನಾಳೆ ಸ್ಟೇಷನ್‌ಗೆ ಬೀಗ ಹಾಕಬೇಕಾಗುತ್ತೆ."

ಅಕ್ಕನಿಗೆ ಉರಿದುಹೋಯಿತು. "ನಿನ್ನ ನಾಲಿಗೆಗೆ ಹುಳ ಬೀಳ! ಅವನು ಬಸ್ಸು ಹೊರಟಿದ್ದು ಕಂಡ್ರೂ ಓಡ್ತಿರಲಿಲ್ಲ ಕಣೋ, ಇನ್ನೊಂದು ಬರುತ್ತೆ ಅಂತ ಕೂತ್ಕೊಳ್ತಿದ್ದ!" ಎಂದು ಟಿವಿಯನ್ನೇ ಬೈದಳು. ಬೈದವಳಿಗೆ ಅಳುವೂ ಬಂತು.

ಅಷ್ಟರಲ್ಲಿ ನಿರೂಪಕ ಕೈಯೆತ್ತಿ ಎಲ್ಲರ ಬಾಯಿ ಮುಚ್ಚಿಸಿದ. ಫೋನಿನಲ್ಲಿ ಒಬ್ಬರಿದ್ದಾರೆ, ಸ್ಟೇಷನ್ನಿನ ಎದುರು ಟೀ ಅಂಗಡಿ ಇಟ್ಟವರು, ಎಂದ.

"ಅವತ್ತು ಸಂಜೆ ಟೀ ತಗೊಂಡು ಹೋದೆ ಸಾರ್, ಬಾಗಿಲಲ್ಲೇ ತಡೆದ್ರು. ಒಳಗೆ ಟಿವಿ ಕಿವಿ ಕಿತ್ತು ಹೋಗೋ ಹಾಗೆ ಅರಚ್ತಾ ಇತ್ತು. ನಮ್ಮ ಬೀದಿಯೋರಿಗೆಲ್ಲ ಗೊತ್ತಿರೋದೇ. ಹಿಂದಿನ ರೂಮಲ್ಲಿ ವಿಚಾರಣೆ ಶುರುವಾದ್ರೆ ಮುಂದಿನ ರೂಮಲ್ಲಿ ಟಿವಿ ಜೋರಾಗುತ್ತೆ. ಒಳಗಿನ ಕೂಗು ಬೀದಿಗೆ ಕೇಳಬಾರದಲ್ಲ."

ನಿವೃತ್ತ ಅಧಿಕಾರಿ ಮೇಜು ಗುದ್ದಿ ಎದ್ದುನಿಂತ. ನಿರೂಪಕ ಸಣ್ಣ ವಿರಾಮ ಎಂದ. ಸೋಪಿನ ಜಾಹೀರಾತಿನಲ್ಲಿ ಒಬ್ಬಳು ನೊರೆ ಊದಿಕೊಂಡು ಕುಣಿಯತೊಡಗಿದಳು.

ಅಕ್ಕ ಗಂಡನ ಕಡೆ ತಿರುಗಿದಳು. ಮುಂದಿನ ರೂಮು. ಗಂಡ ಮೊದಲ ದಿನವೇ ಹೇಳಿದ್ದನಲ್ಲ, ನಾನು ಮುಂದಿನ ರೂಮಲ್ಲೇ ಇದ್ದೆ, ಹಿಂದೆ ಏನು ನಡೀತೋ ನನಗೆ ಗೊತ್ತಾಗಲಿಲ್ಲ ಎಂದು! ಅವಳು ನಂಬಿ, ಮೇಲಿಂದ ಅವನನ್ನೇ ಸಮಾಧಾನ ಮಾಡಿದ್ದಳು.

"ರೀ," ಎಂದಳು. "ಟಿವಿ ಜೋರು ಮಾಡಿದ್ದು ಯಾರು?"

"ಟೀ ಅಂಗಡಿಯೋನ ಮಾತು ಏನು ಕಟ್ಕೊಂಡಿದ್ದೀಯ..."

"ಯಾರು ಅಂದೆ."

ಭಾವ ನೆಲ ನೋಡಿದ. "ನಾನು ಒಂದೇಟೂ ಹೊಡೆದಿಲ್ಲ ಕಣೇ. ಯಾರನ್ನೂ ಹೊಡೆದೋನಲ್ಲ ನಾನು. ಅಲ್ಲಿ ಎಲ್ಲರಿಗಿಂತ ಕೆಳಗಿನೋನು. ಬಾಗಿಲು ಹಾಕ್ಕೋ, ಟಿವಿ ಜೋರಿಡು ಅಂತಾರೆ. ಇಡ್ತೀನಿ. ಸೇರಿದಾಗಿನಿಂದ ಅದೇ ನನ್ನ ಕೆಲಸ."

"ಒಳಗಿದ್ದೋನು ನನ್ನ ತಮ್ಮ!"

"ಗೊತ್ತಿರಲಿಲ್ಲ! ನಿನ್ನಾಣೆ ಗೊತ್ತಿರಲಿಲ್ಲ. ದಾರೀಲೇ ಜೀಪಿಗೆ ಹಾಕ್ಕೊಂಡು ಹಿಂದಿನ ಬಾಗಿಲಿಂದ ಕರ್ಕೊಂಡು ಬಂದಿದ್ರಂತೆ. ನಾನು ಮುಂದಿನ ಬಾಗಿಲನ್ನೇ ನೋಡ್ತಾ ಕೂತಿದ್ದೆ. ಇವನು ಯಾವತ್ತು ಹೊತ್ತಿಗೆ ಬಂದಿದ್ದಾನೆ, ಬರ್ತಾನೆ ನಿಧಾನಕ್ಕೆ ಅಂದ್ಕೊಂಡೆ."

ಅಯ್ಯೋ, ಎಂಥ ಪಾಪಿ ಕೆಲಸವಪ್ಪಾ ಇದು! ಬರುವವನಿಗಾಗಿ ಕಾಯುತ್ತ ಕೂತವನೇ ಬಂದವನ ಕೂಗನ್ನು ಮುಚ್ಚಿಹಾಕಿದ್ದ.

"ಭಾವಾ ಅಂತ ಕೂಗಿರ್ತಾನೆ," ಎಂದಳು ಅಕ್ಕ. "ನಾನೇ ಹೇಳಿ ಕಳಿಸಿದ್ದೆ. ಯಾರಾದ್ರೂ ಗದರಿಸಿದ್ರೆ ಭಾವನ್ನ ಕೂಗು, ಓಡಿ ಬರ್ತಾರೆ ಅಂತ."

ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಗೋಡೆಗೆ ಒರಗಿದ್ದ ಅಮ್ಮ ಆಗ ಬಾಯಿ ತೆರೆದಳು. ಅಳಿಯನೆದುರು ಎಂದೂ ದನಿ ಎತ್ತಿದವಳಲ್ಲ, ಈಗಲೂ ಎತ್ತಲಿಲ್ಲ. "ಅಳಿಯಂದ್ರೇ, ಎಷ್ಟು ಹೊತ್ತು ಜೋರಾಗಿತ್ತು?"

ಅವನು ಕುರ್ಚಿಯಲ್ಲಿ ಇನ್ನಷ್ಟು ಮುದುಡಿಕೊಂಡ.

"ಹೇಳಿ ಪರವಾಗಿಲ್ಲ. ಸ್ವಲ್ಪ ಹೊತ್ತಾ?"

"ಮ್ಯಾಚ್ ಬರ್ತಾ ಇತ್ತು, ಅತ್ತೆ," ಎಂದ ಭಾವ ಬೆರಳುಗಳ ಸಂದಿಯಿಂದ. "ಪೂರ್ತಿ ಮುಗಿಯೋವರೆಗೂ."

ಅಮ್ಮ ಗೋಡೆ ಹಿಡಿದು ಎದ್ದಳು. ಯೂನಿಫಾರ್ಮುಗಳ ಮೇಲಿದ್ದ ಅರ್ಜಿ ಎತ್ತಿಕೊಂಡಳು.

"ಪೆನ್ನು ಕೊಡೇ," ಎಂದಳು. "ಕೊಯ್ಲಿ. ಬೆನ್ನು, ಕಾಲು, ಎಲ್ಲಾ ಬಿಡಿಸಿ ನೋಡ್ಲಿ. ನನ್ನ ಮಗ ಎಷ್ಟು ಏಟು ತಿಂದ ಅನ್ನೋದು ಊರಿಗೆಲ್ಲ ಗೊತ್ತಾಗ್ಲಿ." ಅಕ್ಷರ ಅಕ್ಷರ ಕೂಡಿಸಿ ಸಹಿ ಹಾಕಿದಳು. ಕೊನೆಯ ಅಕ್ಷರ ಗೆರೆಯಿಂದ ಆಚೆ ಹೋಯಿತು.

ಅಕ್ಕ ವಕೀಲೆಗೆ ಫೋನ್ ಮಾಡಿದಳು. "ಅಮ್ಮ ಸಹಿ ಹಾಕಿದ್ದಾರೆ, ಬನ್ನಿ," ಎಂದಳು. ಫೋನ್ ಇಡುವ ಮೊದಲು, "ಒಳಗಿದ್ದ ಸಾಕ್ಷಿ ಒಬ್ಬರು ಬೇಕು ಅಂತಿದ್ರಲ್ಲ. ಇದ್ದಾರೆ. ನನ್ನ ಗಂಡ," ಎಂದಳು.

ಭಾವ ದಡಬಡಿಸಿ ಎದ್ದ. "ತಲೆ ಕೆಟ್ಟಿದ್ಯಾ ನಿನಗೆ? ಮನೆ ಮಠ ಹಾಳಾಗುತ್ತೆ! ಕೊಲೆ ಕೇಸಲ್ಲಿ ನನ್ನನ್ನೂ ಸೇರಿಸ್ತಾರೆ."

"ಸೇರಿಸ್ಲಿ."

"ಮೊದಲು ಅದೇ ಹಿಂದಿನ ರೂಮಿಗೆ ಹಾಕ್ತಾರೆ ಕಣೇ. ಬಾಯಿ ಬಿಡ್ತೀನಿ ಅಂತ ಗೊತ್ತಾದ್ರೆ ನನ್ನೂ ಮುಗಿಸ್ತಾರೆ. ಅವರೆಂಥೋರು ಅಂತ ನನಗೆ ಗೊತ್ತಿಲ್ವಾ?" ಅವಳು ಕಟ್ಟಿಕೊಂಡ ಗಂಡ, ಒಂದೇ ತಟ್ಟೆಯಲ್ಲಿ ಉಂಡವನು. ಅವನ ಮೇಲೆ ಅವಳಿಗೆ ಅಸಹ್ಯವೂ ಆಯಿತು, ಅಯ್ಯೋ ಅಂತಲೂ ಅನ್ನಿಸಿತು.

ಅವನ ಅಂಗಿ ತಂದು ಕೈಗೆ ಕೊಟ್ಟಳು. "ಹಾಕ್ಕೊಳ್ಳಿ, ವಕೀಲ್ರು ಬರ್ತಾರೆ. ಒಳಗೆ ಹಾಕಿದ್ರೆ ಕೂಗಿ. ನಾನು ಆ ಬಾಗಿಲಲ್ಲೇ ನಿಂತಿರ್ತೀನಿ, ಟಿವಿ ಎಷ್ಟೇ ಅರಚಿದ್ರೂ ಅಲ್ಲಾಡಲ್ಲ," ಎಂದಳು. ಭಾವ ಅಂಗಿ ಹಾಕಿಕೊಂಡ. ಗುಂಡಿ ಹಾಕಲು ಅವನ ಕೈಲಾಗಲಿಲ್ಲ, ಅವಳೇ ಹಾಕಿದಳು.