ಬೇರಿಗೆ ಕಟ್ಟಿದ ಔಷಧಿ

ಬಿಳಿಗೆರೆಯ ಕಾಂತೇಶ್ ಹದಿನೆಂಟು ವರ್ಷದಿಂದ ಕಂಡವರ ತೋಟಕ್ಕೆ ಔಷಧಿ ಹಾಕಿಕೊಂಡು ಬದುಕಿದವನು. ಕಪ್ಪುತಲೆ ಹುಳ ಬಿದ್ದು ತೆಂಗಿನ ಗರಿಗಳು ಬೆಂಕಿ ತಗುಲಿದ ಹಾಗೆ ಒಣಗತೊಡಗಿದರೆ ಸುತ್ತಲ ಊರಿನವರು ಅವನಿಗೇ ಫೋನು ಮಾಡುತ್ತಿದ್ದರು. ಎತ್ತರದ ಮರಕ್ಕೆ ಪಂಪು ಎಟುಕುವುದಿಲ್ಲ. ಬುಡ ಕೆದಕಿ, ಪೆನ್ಸಿಲ್ ಗಾತ್ರದ ಜೀವಂತ ಬೇರೊಂದನ್ನು ಹುಡುಕಿ, ತುದಿಯನ್ನು ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಕವರಿನೊಳಗೆ ಇಳಿಸಿ ದಾರ ಸುತ್ತಬೇಕು. ಮರ ತಾನೇ ಕುಡಿದುಕೊಳ್ಳುತ್ತದೆ.

ಇಷ್ಟನ್ನೂ ಅವನು ಬರಿಗೈಯಲ್ಲಿ, ಬಾಯಲ್ಲಿ ಬೀಡಿ ಇಟ್ಟುಕೊಂಡೇ ಮಾಡುತ್ತಿದ್ದ. ಹೋದ ವರ್ಷ ಒಬ್ಬರ ಟೊಮೇಟೊಗೆ ಹೊಡೆಯುವಾಗ ಗಾಳಿ ತಿರುಗಿ ಔಷಧಿ ಮುಖಕ್ಕೇ ಬಡಿದು, ಜೊಲ್ಲು ಸುರಿಸುತ್ತಾ ಬದುವಿನ ಮೇಲೆ ಬಿದ್ದ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದ. ಆಮೇಲೆ ಔಷಧಿ ಹೊಡೆಯುವವರಿಗೆ ತಿಪಟೂರಿನಲ್ಲಿ ಮೂರು ದಿನದ ತರಬೇತಿ ಇದೆ ಎಂದು ಗೊತ್ತಾದಾಗ ಹೆಂಡತಿ ನಯನಳೇ ಹೆಸರು ಬರೆಸಿ ಬಂದಳು.

ಬಂದಿದ್ದ ನಲವತ್ತು ಜನರಲ್ಲಿ ಅರ್ಧಕ್ಕರ್ಧ ಊಟಕ್ಕೂ ಪುಕ್ಕಟೆ ಬ್ಯಾಗಿಗೂ ಬಂದವರು. ಕಾಂತೇಶ್ ಮುಂದಿನ ಸಾಲಿನಲ್ಲಿ ಕೂತ. ಹೇಳಿಕೊಡುತ್ತಿದ್ದವಳು ಅನುಪಮಾ ಎಂಬ ಹುಡುಗಿ, ಚಿಕ್ಕನಾಯಕನಹಳ್ಳಿ ಕಡೆಯವಳು. ಮೊದಲ ದಿನವೇ ಅವಳು ಬಕೆಟ್ಟಿನಲ್ಲಿ ನೀಲಿ ಬಣ್ಣ ಕಲಸಿ, "ಇದೇ ಔಷಧಿ ಅಂದ್ಕೊಂಡು ದಿನಾ ಹೆಂಗೆ ಮಾಡ್ತೀರೋ ಹಂಗೇ ಕವರು ಕಟ್ಟಿ" ಅಂದಳು. ಎಲ್ಲ ಕಟ್ಟಿದ ಮೇಲೆ ಒಂದು ಕನ್ನಡಿ ಕೊಟ್ಟಳು. ಕಾಂತೇಶನ ತುಟಿ ನೀಲಿ, ಕಿವಿ ನೀಲಿ, ಜೇಬಿನ ಬೀಡಿಕಟ್ಟೂ ನೀಲಿ. ಸಾಯಂಕಾಲ ಎಷ್ಟು ತಿಕ್ಕಿ ತೊಳೆದರೂ ಕೈಯ ನೀಲಿ ಹೋಗಲಿಲ್ಲ. ಮನೆಗೆ ಹೋದಾಗ ಮಗಳು ಧನ್ಯಶ್ರೀ ಓಡಿ ಬಂದು ಆ ಕೈಯನ್ನೇ ಹಿಡಿದುಕೊಂಡಳು. ಬಿಡಿಸಿ ನೋಡಿದರೆ ಅವಳ ಅಂಗೈಗೂ ನೀಲಿ ಹತ್ತಿತ್ತು.

ಮೂರನೇ ದಿನ ಅನುಪಮಾ ಬೇರಿನ ವಿಷಯಕ್ಕೆ ಬಂದಳು.

"ಬೇರು ಕುಡಿದಿದ್ದು ಗರಿಗೆ ಮಾತ್ರ ಹೋಗಲ್ಲ, ಎಳನೀರಿಗೂ ಹೋಗುತ್ತೆ. ಔಷಧಿ ಕಟ್ಟೋಕೆ ಮುಂಚೇನೇ ಬಲಿತ ಕಾಯಿ ಕೀಳಿಸಿಬಿಡಿ. ಕಟ್ಟಿದ ಮೇಲೆ ನಲವತ್ತೈದು ದಿನ ಆ ಮರ ಮುಟ್ಟಂಗಿಲ್ಲ."

ಹದಿನೆಂಟು ವರ್ಷದಲ್ಲಿ ಈ ಮಾತನ್ನು ಕಾಂತೇಶ್ ಒಬ್ಬರಿಗೂ ಹೇಳಿರಲಿಲ್ಲ. ಅವನಿಗೂ ಯಾರೂ ಹೇಳಿರಲಿಲ್ಲ.

ತರಬೇತಿ ಮುಗಿದ ಮೇಲೆ ಸಿಕ್ಕ ಮೊದಲ ಕೆಲಸ ತನ್ನೂರಿನ ಹನುಮಂತಯ್ಯನವರ ತೋಟದ್ದು. ಎಂಬತ್ತು ಮರ. ಕೈಗವಸು, ಮುಖಕ್ಕೆ ಮಾಸ್ಕು, ಕಾಲಿಗೆ ಬೂಟು ಹಾಕಿಕೊಂಡು ಬಂದವನನ್ನು ನೋಡಿ ಹನುಮಂತಯ್ಯ ನಕ್ಕರು. "ಏನ್ಲಾ ಕಾಂತೇಶ, ಚಂದ್ರಲೋಕಕ್ಕೆ ಹೊಂಟಿದೀಯಾ?"

ಕಾಂತೇಶನೂ ನಕ್ಕ. ಔಷಧಿ ಕಟ್ಟಿದ ಪ್ರತಿ ಮರಕ್ಕೂ ಎದೆಯ ಮಟ್ಟದಲ್ಲಿ ಕೆಂಪು ಪಟ್ಟಿ ಬಳಿದ. ನಲವತ್ತೈದು ದಿನದ ಮಾತನ್ನು ಮೂರು ಸಲ ಹೇಳಿದ.

"ಅದಕ್ಯಾಕೆ ಇಷ್ಟು ಹೇಳ್ತೀಯ? ನಾವೇನು ಎಳನೀರು ಮಾರೋರಾ? ನಮ್ದು ಕೊಬ್ಬರಿಗೆ ಬುಡೋ ತೋಟ ಕಣಪ್ಪ" ಅಂದರು ಹನುಮಂತಯ್ಯ.

ಆ ಮಾತು ನಂಬಿಕೊಂಡು ಅವನು ಹೊರಟ. ಹನ್ನೆರಡನೇ ದಿನ ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋಗುವಾಗ ಆ ತೋಟದ ಮುಂದೆ ಲಾರಿ ನಿಂತಿತ್ತು. ನಾಲ್ಕು ಜನ ಮರ ಹತ್ತಿ ಎಳನೀರಿನ ಗೊನೆಗಳನ್ನು ಹಗ್ಗದಲ್ಲಿ ಇಳಿಸುತ್ತಿದ್ದರು. ಕೆಂಪು ಪಟ್ಟಿಯ ಮೇಲೇ ಕಾಲಿಟ್ಟು ಹತ್ತುತ್ತಿದ್ದರು.

ಕಾಂತೇಶ್ ಹಾಲಿನ ಕ್ಯಾನು ಅಲ್ಲೇ ಬಿಟ್ಟು ಒಳಕ್ಕೆ ಓಡಿದ.

"ಯಜಮಾನ್ರೇ, ಔಸ್ದಿ ಕಟ್ಟಿ ಇನ್ನೂ ಹನ್ನೆರಡೇ ದಿನ ಆಗಿರೋದು ಕಣ್ರೀ! ಇದು ಕುಡಿಯೋ ನೀರಲ್ಲ."

"ಮೆತ್ತಗೆ ಮಾತಾಡ್ಲಾ" ಅಂದರು ಹನುಮಂತಯ್ಯ. "ಲಾರಿ ತಾನಾಗೇ ಬಾಗ್ಲಿಗೆ ಬಂತು. ಹಿಂಗಾರು ಮಳೆ ಕೈಕೊಟ್ಟ ಮೇಲೆ ಕೊಬ್ಬರಿ ಎಲ್ಲಿ ಕೂರ್ತದೆ ಹೇಳು? ಹುಳ ಇರೋದು ಗರೀಲಿ. ಔಸ್ದಿ ಹೋಗೋದೂ ಅಲ್ಲಿಗೇಯ."

"ಎಳನೀರಿಗೂ ಹೋಗ್ತದೆ. ಮೇಡಂ ಹೇಳವ್ರೆ."

"ಹಂಗಾದ್ರೆ ನಮ್ಮಪ್ಪನ ಕಾಲದಿಂದ ಕುಡಿದೋರೆಲ್ಲ ಸತ್ತವ್ರಾ?"

ಯಾರು ಎಲ್ಲಿ ಕುಡಿದರು, ಯಾರಿಗೆ ಏನಾಯಿತು ಎಂದು ಯಾರು ಹೋಗಿ ನೋಡಿದ್ದರು? ವ್ಯಾಪಾರಿ ಒಂದು ಎಳನೀರು ಕೊಚ್ಚಿ ಅವನ ಕಣ್ಣೆದುರೇ ಗಟಗಟ ಕುಡಿದು, ಬಾಯಿ ಒರೆಸಿಕೊಂಡ. "ನೋಡ್ರೀ, ಸಕ್ಕರೆ ಇದ್ದಂಗೈತೆ."

ಕಾಂತೇಶ್ ಅನುಪಮಾಗೆ ಫೋನು ಮಾಡಿದ. ಅವಳು ಕೇಳಿಸಿಕೊಂಡು, ಐದು ನಿಮಿಷ ಬಿಟ್ಟು ತಾನೇ ಮಾಡುತ್ತೇನೆ ಅಂದಳು. ಅರ್ಧ ಗಂಟೆಯ ಮೇಲೆ ಮಾಡಿದಳು.

"ಇಲಾಖೆ ಸಾಹೇಬ್ರನ್ನ ಕೇಳಿದೆ. ದೂರು ಬರೆದು ಕೊಟ್ರೆ ಕಾಯಿ ತಗೊಂಡು ಲ್ಯಾಬಿಗೆ ಕಳಿಸಬಹುದಂತೆ. ವರದಿ ಬರೋಕೆ ಮೂರು ವಾರ."

"ಲಾರಿ ಈಗಲೇ ಹೊರಡ್ತದೆ ಮೇಡಂ."

"ಗೊತ್ತು" ಅಂದಳು.

ಅವನು ಹೋಗಿ ಲಾರಿಯ ಮುಂದೆ ನಿಂತ. ಮರ ಹತ್ತಿದ್ದವರೇ ಇಳಿದು ಬಂದು, ಬೈಯದೆ, ಹೊಡೆಯದೆ, ತೋಳು ಹಿಡಿದು ಪಕ್ಕಕ್ಕೆ ಕೂರಿಸಿದರು. ಲಾರಿ ಹೋಯಿತು. ಬಿಟ್ಟು ಹೋಗಿದ್ದ ಕ್ಯಾನನ್ನು ನಾಯಿ ಉರುಳಿಸಿತ್ತು.

ಆಮೇಲೆ ಫೋನು ಬರುವುದು ನಿಂತಿತು. ಯಾರೂ ಅವನ ಮೇಲೆ ಜಗಳಕ್ಕೆ ಬರಲಿಲ್ಲ. ಕಾಂತೇಶ ಕಾಲಿಟ್ಟರೆ ತೋಟಕ್ಕೆ ಕೆಂಪು ಬಳಿದು ಹೆಸರು ಕೆಡಿಸುತ್ತಾನೆ ಎಂದು ಮಾತಾಡಿಕೊಂಡರು, ಅಷ್ಟೇ. ಕೆಂಪಯ್ಯ ಎಂಬ ಇನ್ನೊಬ್ಬನನ್ನು ಕರೆಸತೊಡಗಿದರು. ಅವನು ಬರಿಗೈಯಲ್ಲೇ ಕಟ್ಟುತ್ತಿದ್ದ, ಏನೂ ಹೇಳುತ್ತಿರಲಿಲ್ಲ. ಒಂದು ದಿನ ಕಾಂತೇಶ್ ತನ್ನ ಕೈಗವಸನ್ನೇ ಅವನಿಗೆ ಕೊಡಲು ಹೋದ. "ಇದಾಕ್ಕಂಡ್ರೆ ಬೇರು ಸಿಕ್ಕಿದ್ದು ಕೈಗೆ ಗೊತ್ತಾಗಕಿಲ್ಲ ಕಣ್ಲಾ" ಅಂತ ಕೆಂಪಯ್ಯ ವಾಪಸ್ಸು ಕೊಟ್ಟ. ಅವನ ಬೆರಳುಗಳು ಆಗಲೇ ಸಣ್ಣಗೆ ನಡುಗುತ್ತಿದ್ದವು.

ಎರಡು ತಿಂಗಳ ಮೇಲೆ ಅನುಪಮಾ ಕಂದಿಕೆರೆಯ ತರಬೇತಿಗೆ ಕಾಂತೇಶನನ್ನು ಕರೆಸಿದಳು. ಕಲಿತಿದ್ದನ್ನು ಮಾಡಿ ತೋರಿಸಿದವನು ಅವನೊಬ್ಬನೇ, ಹೊಸಬರು ಅವನ ಬಾಯಿಂದಲೇ ಕೇಳಲಿ ಎಂಬುದು ಅವಳ ಆಸೆ. ಕಾಂತೇಶ್ ಒಗೆದ ಅಂಗಿ ತೊಟ್ಟು ಹೋಗಿ, ನೀಲಿ ಬಣ್ಣದ ವಿಷಯ ಹೇಳಿದ, ಮಗಳ ಅಂಗೈ ವಿಷಯ ಹೇಳಿದ. ಜನ ಸುಮ್ಮನೆ ಕೇಳಿದರು. ಕೊನೆಗೆ ಹಿಂದಿನಿಂದ ಒಬ್ಬ ಎದ್ದು ನಿಂತ.

"ಇಷ್ಟೆಲ್ಲ ಪಾಲಿಸ್ತೀಯಲ್ಲಣ್ಣ, ಈಗ ಎಷ್ಟು ತೋಟ ಮಾಡ್ತಿದೀಯ?"

ಕಾಂತೇಶ್ ಅನುಪಮಾಳ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು.

"ಒಂದೂ ಇಲ್ಲ" ಅಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು. ಬಸ್ಸಿಗೆ ಕಾಯುವಾಗ ಅನುಪಮಾ, "ಸುಳ್ಳು ಹೇಳಬಹುದಿತ್ತು ನೀವು" ಅಂದಳು. ಆಮೇಲೆ ತಾನೇ, "ಬೇಡ ಬಿಡಿ, ಹೇಳಿದ್ದೇ ಸರಿ" ಅಂದಳು. "ಈ ವರ್ಷ ಆರುನೂರು ಜನಕ್ಕೆ ತರಬೇತಿ ಕೊಟ್ಟೆ ಅಂತ ಬರೀತೀನಿ. ಆರುನೂರರಲ್ಲಿ ಪಾಲಿಸಿದೋರು ನೀವೊಬ್ರು. ನಿಮಗೂ ಹಿಂಗಾಯ್ತು."

ಬೇಸಿಗೆಯ ಹೊತ್ತಿಗೆ ಕೆಂಪಯ್ಯ ಹಾಸಿಗೆ ಹಿಡಿದ. ದಬ್ಬೇಘಟ್ಟದ ದಯಾನಂದ್ ಎಂಬ ತೋಟದವರು ಬೇರೆ ದಾರಿಯಿಲ್ಲದೆ ಕಾಂತೇಶನಿಗೆ ಹೇಳಿ ಕಳಿಸಿದರು. "ಕೈಗೆ ಏನು ಬೇಕಾದ್ರೂ ಹಾಕ್ಕೊ. ಮರಕ್ಕೆ ಬಣ್ಣ ಬಳಿಯಂಗಿಲ್ಲ, ಯಾರಿಗೂ ಸಾರಂಗಿಲ್ಲ." ಕಾಂತೇಶ್ ಒಪ್ಪಿಕೊಂಡ. ಒಪ್ಪಿಕೊಂಡೆ ಎಂದು ನಯನಳಿಗೆ ಹೇಳಿದಾಗ ಅವಳು ಕೈಗವಸು ಹುಡುಕಿ ತಂದು ಅವನ ಚೀಲಕ್ಕೆ ಹಾಕಿದಳು.

ಕಟ್ಟಿದ ಮೂರನೇ ದಿನ, ಮರಗಳು ಔಷಧಿ ಎಳೆದುಕೊಂಡಿವೆಯೋ ಇಲ್ಲವೋ ನೋಡಲು ಹೋದ. ಅಲ್ಲಿ ಹುಲ್ಲು ಕೊಯ್ಯುವ ಬೋರಮ್ಮ ಎಂಬ ಮುದುಕಿ ಒಂದು ಎಳನೀರನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು.

"ಎಲ್ಲಿಗಕ್ಕ?"

"ಮೊಮ್ಮಗೀಗೆ ಜ್ವರ ಕಣಪ್ಪ. ಡಾಕ್ಟ್ರು ಎಳನೀರು ಕುಡ್ಸು ಅಂದ್ರು. ಯಜಮಾನ್ರು ಪಾಪ, ತಾವೇ ಕೀಳಿಸಿ ಕೊಟ್ರು."

"ಅದು ಬ್ಯಾಡ ಕಣಕ್ಕ. ಈ ತೋಟಕ್ಕೆ ಔಸ್ದಿ ಕಟ್ಟೀನಿ. ಒಂದೂವರೆ ತಿಂಗಳು ತಡೀಬೇಕು."

ಬೋರಮ್ಮ ಅವನನ್ನು ಅರ್ಥವಾಗದವಳಂತೆ ನೋಡಿದಳು. "ಜ್ವರ ಇವತ್ತು ಬಂದೈತಲ್ಲಪ್ಪ" ಅಂದಳು.

"ಅಂಗಡೀಲಿ ನಾನು ತಂದುಕೊಡ್ತೀನಿ, ಇದು ಕೊಡಕ್ಕ."

"ಅಂಗಡೀದೂ ಯಾವುದೋ ತೋಟದ್ದೇ ಅಲ್ವಾ?"

ಅವನು ಕೈ ಚಾಚಿದ. ಕೈಗವಸು ಹಾಕಿದ್ದ ಆ ಕೈ ಕಂಡು ಅವಳು ಒಂದು ಹೆಜ್ಜೆ ಹಿಂದೆ ಸರಿದು, ಸೆರಗನ್ನು ಹೊಟ್ಟೆಗೆ ಒತ್ತಿಕೊಂಡಳು. ಅಷ್ಟರಲ್ಲಿ ದಯಾನಂದ್ ಬದುವಿನ ಮೇಲೆ ಬಂದು ನಿಂತು, "ಏನದು?" ಅಂತ ಕೂಗಿದರು.

ಕಾಂತೇಶ್ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಏನಿಲ್ಲ ಬುದ್ದಿ" ಅಂದಳು ಬೋರಮ್ಮ, ಅವನನ್ನು ಬಚಾವು ಮಾಡುವವಳ ಹಾಗೆ. ಅವನು ನೋಡುತ್ತಲೇ ಇದ್ದ. ಅವಳು ಕಾಲುವೆ ದಾಟಿ ಊರಿನ ದಾರಿ ಹಿಡಿದಳು. ಅವನು ಕುಕ್ಕರಗಾಲಲ್ಲಿ ಕೂತು ಪಕ್ಕದ ಮರದ ಬುಡ ಕೆದಕಿದ. ಕವರು ಪೂರ್ತಿ ಬರಿದಾಗಿತ್ತು. ಒಳ್ಳೆ ಬೇರು. ಮಣ್ಣು ಮುಚ್ಚಿ ಮುಂದಿನ ಮರಕ್ಕೆ ಹೋದ.