ಕೆನ್ನೆಯಿಂದ ಶುರು

ಒಳಗಿನ ಕೋಣೆಯಲ್ಲಿ ಗಂಟೆ ಬಾರಿಸಿತು. ಎರಡು ಜಡೆಯ ಹುಡುಗಿ ಪಿಟೀಲನ್ನು ಎದೆಗವಚಿಕೊಂಡು ಹೊರಗೆ ಬಂದಳು. ಯಾರ ಮುಖವನ್ನೂ ನೋಡದೆ ಎಡಗಡೆಯ ಉಗ್ರಾಣದ ಬಾಗಿಲಿಗೆ ಹೋದಳು. ಅಲ್ಲಿನ ಗುಮಾಸ್ತ ಪಿಟೀಲು ತೆಗೆದುಕೊಂಡು, ಚೀಟಿ ಹರಿದು, ಒಳಗಿಟ್ಟ.

ಮಿಡತೆ ಇದನ್ನೆಲ್ಲ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತು ನೋಡಿದಳು. ಸಣ್ಣ ಕಾಲು, ಒಂದು ಕಡೆ ನಿಲ್ಲದ ಸ್ವಭಾವ. ಅಪ್ಪನ ಕಟಿಂಗ್ ಶಾಪಿನ ಗಿರಾಕಿಗಳು ಇಟ್ಟ ಹೆಸರು ಅದು. ಇವತ್ತು ಮಾತ್ರ ಅವಳು ಅಲುಗಾಡಿರಲಿಲ್ಲ. ಸಂಗೀತ ಶಾಲೆಯ ಪಿಟೀಲುಗಳೆಲ್ಲ ಒಂದು ವರ್ಷದ ಎರವಲು. ಪರೀಕ್ಷೆ ಮಾಡುವ ಮೇಡಂ ಪಾಠವನ್ನು ಕೊನೆತನಕ ಕೇಳಿದರೆ ಇನ್ನೊಂದು ವರ್ಷ ಪಿಟೀಲು ನಿಮ್ಮದು. ನಡುವೆ ಗಂಟೆ ಬಾರಿಸಿದರೆ ಉಗ್ರಾಣಕ್ಕೆ.

"ಅಪ್ಪಾ, ಮನೆಗೆ ಹೋಗೋಣ."

"ಯಾಕೆ?"

"ಹೊಟ್ಟೆ ನೋವು."

"ಬೆಳಿಗ್ಗೆ ಕಾಲು ನೋವು ಅಂದೆ. ಹೀಗೇ ಹತ್ತುತ್ತಾ ಹೋದರೆ ನಿನ್ನ ಸರದಿ ಬರೋ ಹೊತ್ತಿಗೆ ತಲೆಗೆ ಬಂದಿರುತ್ತೆ."

ಅವಳು ನಗಲಿಲ್ಲ. "ಮೇಡಂ ನನ್ನೇ ನೋಡ್ತಾರಪ್ಪ."

"ನೋಡದೆ ಇನ್ನೇನು, ಗೋಡೆ ನೋಡ್ತಾರಾ?" ಎಂದ ಅಪ್ಪ.

ತಪ್ಪು ತನ್ನದೇ ಎಂದು ಅವನಿಗೆ ಆಗ ಹೊಳೆಯಿತು. ಒಂದು ವರ್ಷದಿಂದ ಅವಳು ಅಭ್ಯಾಸ ಮಾಡಿದ್ದೆಲ್ಲ ಅಂಗಡಿಯಲ್ಲೇ. ಕಮಾನು ಓಡಾಡುವುದನ್ನು ನೋಡಲು ಗಿರಾಕಿ ಕತ್ತು ತಿರುಗಿಸಿದರೆ ಕತ್ತಿ ತಗಲೀತು ಎಂದು ಅವನು ಮಗಳನ್ನು ಕುರ್ಚಿಗಳ ಹಿಂದೆ, ಕನ್ನಡಿಗೂ ಕಾಣದ ಮೂಲೆಯಲ್ಲಿ ನಿಲ್ಲಿಸಿದ್ದ. ಬೀದಿಯ ಅರ್ಧ ಗಂಡಸರು ಅವಳ ಪಿಟೀಲು ಕೇಳಿದ್ದರು. ಶಾಲೆಯ ಮೇಷ್ಟ್ರನ್ನು ಬಿಟ್ಟರೆ ನುಡಿಸುವಾಗ ನೋಡಿದವರು ಒಬ್ಬರೂ ಇಲ್ಲ. ಅವಳು ಕಂಡದ್ದು ಬರೀ ಹಿಂದಲೆಗಳನ್ನು.

ಅವನು ಗಂಟಲು ಸರಿಮಾಡಿಕೊಂಡ. "ನಾನು ಮೊದಲ ಸಲ ಕತ್ತಿ ಹಿಡಿದಾಗ ನಿಮ್ಮ ತಾತ ತಮ್ಮ ಮುಖಾನೇ ಕೊಟ್ಟರು. ನನ್ನ ಕೈ ಗಡಗಡ ಅಂತಿತ್ತು."

"ನಡುಗಬೇಡ ಅಂದ್ರಾ?"

"ಹಾಗಂದ್ರೆ ನಿಲ್ಲುತ್ತಾ? ಮೊದಲೇ ಗಂಟಲಿಗೆ ಹೋಗಬೇಡ ಅಂದ್ರು. ಕೆನ್ನೆಯಿಂದ ಶುರು ಮಾಡು, ಅಗಲವಾದ ಜಾಗ. ಉಸಿರು ಹೊರಗೆ ಬಿಡ್ತಾ ಕತ್ತಿ ಇಡು. ಕೈ ಅಲ್ಲಿ ಪಳಗಲಿ, ಆಮೇಲೆ ಗಂಟಲಿಗೆ ಇಳಿ ಅಂದ್ರು."

"ಪಿಟೀಲಿಗೆ ಕೆನ್ನೆ ಎಲ್ಲಿದೆ?"

"ಅದು ನಂಗೇನು ಗೊತ್ತಮ್ಮ. ನೀನೇ ಹುಡುಕು."

ಅಷ್ಟರಲ್ಲಿ ಅವಳ ನಂಬರು ಕೂಗಿದರು.

ಕೋಣೆ ದೊಡ್ಡದು. ಮೇಜಿನ ಮೇಲೆ ಒಂದು ನೋಟ್‌ಬುಕ್ಕು, ಒಂದು ಲೋಟ ನೀರು, ಗಂಟೆ. ಮೇಜಿನ ಆಚೆ ಮೇಡಂ. ದಪ್ಪ ಕನ್ನಡಕದ ಹಿಂದೆ ಅವರ ಕಣ್ಣು ಇರಬೇಕಾದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಮಿಡತೆ ಅಂಗೈಯ ಬೆವರನ್ನು ಲಂಗಕ್ಕೆ ಒರೆಸಿಕೊಂಡಳು, ಒರೆಸಿದಷ್ಟೂ ಬಂತು.

"ಶುರು ಮಾಡು."

ಪಾಠದ ಮೊದಲ ಸ್ವರವೇ ಮೇಲಿನದು, ಸಣ್ಣ ತಂತಿಯಲ್ಲಿ. ಕಮಾನು ಇಟ್ಟಳು. ಅದು ತಂತಿಯ ಮೇಲೆ ಕುಪ್ಪಳಿಸಿ ಕಿರ್ರ್ ಎಂದಿತು. ಇನ್ನೊಮ್ಮೆ ಇಟ್ಟಳು. ಇನ್ನೂ ಕೆಟ್ಟದಾಗಿ ಕಿರುಚಿತು. ಮೇಡಂ ಕೈ ನೋಟ್‌ಬುಕ್ಕಿನಿಂದ ಎದ್ದು ಗಂಟೆಯ ಕಡೆ ಸರಿಯಿತು. ಉಗ್ರಾಣದ ಗುಮಾಸ್ತ ಚೀಟಿ ಹರಿದ ಸದ್ದು ಅವಳಿಗೆ ಈಗ ಕಿವಿಯ ಪಕ್ಕದಲ್ಲೇ ಕೇಳಿಸಿತು.

ನಾನು ನೇರ ಗಂಟಲಿಗೆ ಹೋದೆ, ಅಂದುಕೊಂಡಳು.

"ಮೇಡಂ, ಶ್ರುತಿ ನೋಡಿಕೊಳ್ಳಲಾ?"

"ನಿಮ್ಮ ಮೇಷ್ಟ್ರು ನೋಡಿಯೇ ಕಳಿಸಿದ್ದಾರಲ್ಲ."

"ದಪ್ಪ ತಂತಿ ಮಾತ್ರ. ಸ್ವಲ್ಪ ಹೊತ್ತು."

ಮೇಡಂ ಅವಳನ್ನು ದಿಟ್ಟಿಸಿದರು. "ಎಳಿ," ಎಂದರು. ಕೈ ಮಾತ್ರ ಗಂಟೆಯ ಪಕ್ಕದಲ್ಲೇ ಉಳಿಯಿತು.

ಅವಳು ಉಸಿರು ಹೊರಗೆ ಬಿಡುತ್ತಾ ದಪ್ಪ ತಂತಿಯ ಮೇಲೆ ಕಮಾನನ್ನು ಈ ತುದಿಯಿಂದ ಆ ತುದಿಗೆ ಎಳೆದಳು. ಬೆರಳು ಒತ್ತುವ ಕೆಲಸವಿಲ್ಲ, ತಪ್ಪಲು ಏನೂ ಇಲ್ಲ. ನಾದ ದಪ್ಪಗೆ, ಒಂದೇ ಸಮನೆ ಬಂತು. ಇನ್ನೊಮ್ಮೆ. ಮತ್ತೊಮ್ಮೆ. ನಡುಕ ಹೋಗಲಿಲ್ಲ, ಕೈ ಬಿಟ್ಟು ಮಂಡಿಗೆ ಇಳಿಯಿತು. ಇರಲಿ, ಮಂಡಿಯಲ್ಲಿ ಯಾರು ಪಿಟೀಲು ನುಡಿಸುತ್ತಾರೆ. ಎಳೆಯುವುದನ್ನು ನಿಲ್ಲಿಸದೆ, ಅದೇ ಉಸಿರಿನಲ್ಲಿ ಸಣ್ಣ ತಂತಿಗೆ ಹೋದಳು.

ಮೊದಲ ಸಾಲು ದಾಟಿತು. ಎರಡನೆಯದೂ ದಾಟಿತು. ಮೂರನೆಯದು ಕಷ್ಟದ್ದು. ಅದರ ನಡುವೆ ಕಣ್ಣು ತಪ್ಪಿ ಮೇಡಂ ಕಡೆ ಹೋಯಿತು. ಅವರು ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಕುರ್ಚಿಗೆ ತಲೆ ಆನಿಸಿದ್ದರು. ಥೇಟ್ ಅಂಗಡಿಯ ಗಿರಾಕಿಯ ಹಾಗೆ ಕತ್ತು ಮೇಲಾಗಿತ್ತು. ಮಿಡತೆಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಹೆದರಿಕೆಯಾಯಿತು. ಹಾಗೆ ಕತ್ತು ಒಡ್ಡಿ ಕೂತವರ ಮುಂದೆ ಕೈ ಜಾರಬಾರದೆಂದು ಅವಳು ಹುಟ್ಟಿದಾಗಿನಿಂದ ಕೇಳಿದ್ದಳು. ಒಂದು ಸ್ವರ ಜಾರಿಯೇಬಿಟ್ಟಿತು. ಅವಳು ನಿಲ್ಲಲಿಲ್ಲ. ನಾಲ್ಕನೆಯ ಸಾಲು. ಕೊನೆಯ ಎಳೆತ.

ಮೇಡಂ ಕನ್ನಡಕ ಹಾಕಿಕೊಂಡರು. "ಮೂರನೇ ಸಾಲಲ್ಲಿ ತಪ್ಪಿತು."

"ಗೊತ್ತು ಮೇಡಂ."

"ಮುಂದಿನ ವರ್ಷ ತಪ್ಪಬಾರದು." ಏನೋ ಬರೆದುಕೊಂಡು, ಮುಂದಿನವರನ್ನು ಕರೆಯಲು ಗಂಟೆ ಬಾರಿಸಿದರು.

ಹೊರಗೆ ಅಪ್ಪ ಎದ್ದು ನಿಂತಿದ್ದ. ಮುಖ ನೊರೆ ಹಚ್ಚಿದಷ್ಟು ಬೆಳ್ಳಗಾಗಿತ್ತು. "ಕೊನೆ ಸಾಲು ಆದಮೇಲೇ ಗಂಟೆ ಕೇಳಿಸಿದ್ದು, ಅಲ್ವಾ? ನಾನು ಎಣಿಸ್ತಿದ್ದೆ, ನಡುವೆ ಲೆಕ್ಕ ತಪ್ಪಿಹೋಯ್ತು."

ಅವಳು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಉಗ್ರಾಣಕ್ಕೆ ಬೆನ್ನು ಹಾಕಿ ಬಲಗಡೆಯ ಗೇಟಿನತ್ತ ನಡೆದಳು. ಅವನು ಹಿಂದೆಯೇ ಓಡಿದ.

ಬೀದಿಗೆ ಬಂದಮೇಲೆ ಕೇಳಿದ. "ಕೆನ್ನೆ ಸಿಕ್ತಾ?"

"ದಪ್ಪ ತಂತೀಲಿತ್ತು. ಮಂಡಿ ಇನ್ನೂ ನಡುಗ್ತಿದೆ."

"ನಂದೂ," ಎಂದು ಅವನು ಪೆಟ್ಟಿಗೆ ತೆಗೆದುಕೊಂಡ. "ನಾಳೆಯಿಂದ ಮೂಲೆ ಬೇಡ. ಕನ್ನಡಿ ಪಕ್ಕ ನಿಂತು ಗಿರಾಕಿ ಮುಖ ನೋಡ್ಕೊಂಡು ನುಡಿಸು."

"ಅವರು ಕತ್ತು ತಿರುಗಿಸಿದ್ರೆ?"

"ಎದುರಿಗೇ ಇದ್ರೆ ಯಾಕೆ ತಿರುಗಿಸ್ತಾರೆ? ಒಂದು ವರ್ಷ ನಂಗಿದು ಹೊಳೀಲೇ ಇಲ್ಲ ನೋಡು."